ಪರದೆಯಾಚೆ ಚಾಚಿದ ಕೈ

ಮುಳಬಾಗಿಲು ತಾಲ್ಲೂಕು ಕಚೇರಿಯ ಜವಾನ ರಹಮತ್ತುಲ್ಲಾ ಸಂಬಳದ ದಿನ ಮನೆಗೆ ಬಂದರೆ ಮೊದಲು ರುಮಾಲು ತೆಗೆಯುತ್ತಿದ್ದ, ಆಮೇಲೆ ಸರ್ಕಾರವನ್ನು ಬೈಯುತ್ತಿದ್ದ. ಇನ್ಶೂರೆನ್ಸ್ ಅಂತ ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರಲ್ಲ, ಅದಕ್ಕೆ.

"ನಾನು ಸತ್ತ ಮೇಲೆ ಕೊಡ್ತಾರಂತೆ. ಬದುಕಿರೋವಾಗ ಟೀಗೆ ಕಾಸಿಲ್ಲ!"

"ತೋಬಾ ತೋಬಾ! ದೀಪ ಹಚ್ಚೋ ಹೊತ್ತಲ್ಲಿ ಎಂಥಾ ಮಾತು," ಎಂದು ಹೆಂಡತಿ ಅಮೀನಾ ಬೀ ಬಾಯಿ ಮುಚ್ಚಿಸುತ್ತಿದ್ದಳು.

ಆ ಮಾತು ಬೇಗ ನಿಜವಾಯಿತು. ೧೯೩೯ರ ಚಳಿಗಾಲದಲ್ಲಿ ಕುರುಡುಮಲೆ ಕಡೆ ನೋಟೀಸು ಜಾರಿ ಮಾಡಲು ಹೋದವನು ಜ್ವರ ಹೊತ್ತುಕೊಂಡು ಬಂದ. ವಾರ ತುಂಬುವುದರೊಳಗೆ ಮಣ್ಣು ಮಾಡಿ ಬಂದರು. ಮನೆಯಲ್ಲಿ ಉಳಿದವರು ಅಮೀನಾ ಬೀ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳಾದ ದಿಲ್ಷಾದ್, ಸಯೀದಾ.

ಶ್ರೀನಿವಾಸಪುರದಿಂದ ಮೈದುನ ನಜೀರ್ ಅಹಮದ್ ಬಂದ. ಹುಣಸೆಹಣ್ಣಿನ ವ್ಯಾಪಾರಿ, ಕೈ ತುಂಬ ಉಂಗುರ.

"ಭಾಭಿ, ಇದ್ದತ್ ಮುಗಿದ ಕೂಡ್ಲೇ ಮಕ್ಕಳನ್ನ ಕರ್ಕೊಂಡು ನಮ್ಮನೆಗೆ ಬಂದ್ಬಿಡಿ. ಅಲ್ಲಿ ಕೆಲಸಕ್ಕೇನು ಕಮ್ಮಿ?" ಎಂದ.

ಕರೆದದ್ದು ಊಟಕ್ಕಲ್ಲ, ಪಾತ್ರೆ ತಿಕ್ಕುವುದಕ್ಕೆ. ಅಮೀನಾ ಬೀಗೆ ಅದು ಗೊತ್ತಾಯಿತು. ಇನ್ಶೂರೆನ್ಸ್ ಹಣ ಬಂದರೆ ತನ್ನ ಒಲೆ ತನ್ನದೇ. ಬಾರದಿದ್ದರೆ ಓರಗಿತ್ತಿಯ ಒಲೆಗೆ ಸೌದೆ ಒಟ್ಟಬೇಕು, ಮಕ್ಕಳೂ ಒಟ್ಟಬೇಕು.

ಹಣ ಬರಬೇಕಾದರೆ ಹೆಂಡತಿಯೇ ಖುದ್ದು ಹೆಬ್ಬೆಟ್ಟು ಒತ್ತಬೇಕು, ಇವಳೇ ಅವಳು ಎಂದು ಸರ್ಕಾರಕ್ಕೆ ಖಾತ್ರಿಯಾಗಬೇಕು. ಕಾಗದ ಉಗಾದಿಯೊಳಗೆ ಕೋಲಾರಕ್ಕೆ ಮುಟ್ಟಬೇಕು. ಇತ್ತ ಗಂಡ ಸತ್ತ ಹೆಂಗಸಿನ ಇದ್ದತ್ತು ನಾಲ್ಕು ತಿಂಗಳು ಹತ್ತು ದಿನ. ಅದು ಮುಗಿಯುವುದು ಉಗಾದಿ ಕಳೆದ ಮೇಲೆ. ಅಲ್ಲಿಯವರೆಗೆ ಹೊಸ್ತಿಲು ದಾಟುವ ಹಾಗಿಲ್ಲ, ಪರಪುರುಷರ ಕಣ್ಣಿಗೆ ಬೀಳುವ ಹಾಗಿಲ್ಲ ಎಂದು ಮೊಹಲ್ಲಾದ ಮುದುಕಿಯರು ಹೇಳಿಬಿಟ್ಟರು. ಹೇಳುವುದಕ್ಕೇನು, ನಾಲಿಗೆಗೆ ಬಾಡಿಗೆಯೇ?

ಪುಣ್ಯಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ತಾಲ್ಲೂಕು ಕಚೇರಿಯ ಶೇಕದಾರರೇ ಮನೆಗೆ ಬಂದರು. ಬಾಗಿಲಿಗೆ ಹಳೆಯ ಜಮಖಾನ ಕಟ್ಟಿದ್ದರು. ಶೇಕದಾರರು ಜಗಲಿಯ ಮೇಲೆ ಕಾಗದ ಹರಡಿ, ಮಸಿ ಸವರಿ ಕೂತರು. ಒಳಗೆ ಅಮೀನಾ ಬೀ, ಪಕ್ಕದಲ್ಲಿ ನೆರೆಮನೆಯ ದೊಡ್ಡಮುನಿಯಮ್ಮ. ಹಿಪ್ಪುನೇರಳೆ ತೋಟದವಳು, ಗಂಡಸರೂ ಅಂಜುವ ಬಾಯಿಯವಳು, ಅಮೀನಾಳ ಎರಡು ಬಾಣಂತನವನ್ನೂ ಮಾಡಿದವಳು.

"ಕೈ ಕೊಡಮ್ಮ," ಎಂದರು ಶೇಕದಾರರು.

ಅಮೀನಾ ಬೀಯ ಕೈ ಮೇಲೇಳಲಿಲ್ಲ. ಪರಗಂಡಸು ಹೆಬ್ಬೆಟ್ಟು ಹಿಡಿದು ಒತ್ತಿಸುತ್ತಾನಲ್ಲ ಎಂದು ಅದನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೇಗ ಕೊಡಮ್ಮ, ನಂಗೆ ಕುರುಡುಮಲೆಗೆ ಹೋಗೋದಿದೆ!"

"ಅಯ್ಯೋ ರಾಮಾ, ಹೆಬ್ಬೆಟ್ಟು ತಾನೇ! ಯಾರದ್ದಾದರೇನು," ಎಂದು ದೊಡ್ಡಮುನಿಯಮ್ಮ ತನ್ನ ಕೈಯನ್ನೇ ಜಮಖಾನದಾಚೆ ಚಾಚಿಬಿಟ್ಟಳು.

ಮೊಣಕೈವರೆಗೆ ಹಚ್ಚೆ. ಮೇಲೆ ಡಜನ್ ಹಸಿರು ಬಳೆ.

ಶೇಕದಾರರು ಹಾರಿ ಎದ್ದರು. "ಯಾರ ಕಿವಿಗೆ ಹೂವು ಇಡ್ತೀರ? ಗಂಡ ಸತ್ತೋಳ ಕೈಯಲ್ಲಿ ಬಳೆ! ಸಾಬರ ಕೈಯಲ್ಲಿ ಹಚ್ಚೆ! ಇದು ಮೋಸ ಅಂತ ಬರೀತೀನಿ!"

"ಸ್ವಾಮಿ, ಸ್ವಾಮಿ, ಆಯಮ್ಮ ಇಲ್ಲೇ ಅವಳೆ, ನಾಚ್ಕೊಂಡವಳೆ. ನಾನೇ ಸಾಕ್ಷಿ!"

"ನಿನ್ನ ಸಾಕ್ಷಿ ಬೇರೆ ಕೇಡು! ಇನ್ನು ಕಚೇರಿಗೇ ಬಂದು ಅಮಲ್ದಾರರ ಮುಂದೆ ಒತ್ತಲಿ," ಎಂದು ಕಾಗದ ಮಡಚಿಕೊಂಡು ನಡೆದರು.

ದೊಡ್ಡಮುನಿಯಮ್ಮ ಹೊರಬಂದು ಜಗಲಿಯ ಮೇಲೆ ಕುಸಿದು ಕೂತು ತನ್ನ ಕೈಯನ್ನೇ ಬೈದಳು. "ಸುಟ್ಟ ಕೈ! ನಿನ್ನ ಅನ್ನ ಕಿತ್ಕೊಂಡ್ತಲ್ಲೇ ಬೀಬಮ್ಮ."

ಅಮೀನಾ ಬೀ ಜಮಖಾನದ ಹಿಂದಿನಿಂದಲೇ ಅವಳನ್ನು ಒಳಗೆ ಕರೆದಳು. ಆಮೇಲೆ, "ಅಕ್ಕ, ಒಂದು ಮಾತು. ಹೊರಗೆ ಹೋಗಬಾರದು ಅಂತ ಎಲ್ಲರೂ ಹೇಳ್ತಾರೆ. ಖಾಜಿ ಸಾಬರನ್ನ ಯಾರಾದ್ರೂ ಕೇಳಿದ್ದಾರಾ?" ಎಂದಳು.

ಯಾರೂ ಕೇಳಿರಲಿಲ್ಲ. ದೊಡ್ಡಮುನಿಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಮಸೀದಿಯ ಪಕ್ಕದ ಮನೆಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ, "ಸಾಬರೇ, ಹೊಟ್ಟೆಪಾಡಿಗೆ ಹೆಂಗಸು ಹೊರಗೆ ಹೋದ್ರೆ ನಿಮ್ಮ ದೇವರು ಕಣ್ಣು ಕೀಳ್ತಾನಾ?" ಎಂದಳು.

ಮುದುಕ ಖಾಜಿ ನಕ್ಕುಬಿಟ್ಟರು. "ಮೆಲ್ಲಗೆ ಕಣಮ್ಮ, ನಂಗಿನ್ನೂ ಕಿವಿ ಇದೆ. ಹೊಟ್ಟೆಪಾಡಿಗೆ ಹಗಲಲ್ಲಿ ಹೋಗಬಹುದು, ಕತ್ತಲಾಗೋದ್ರೊಳಗೆ ಮನೆ ಸೇರಬೇಕು. ಇಷ್ಟು ದಿನ ಯಾಕೆ ಕೇಳಲಿಲ್ಲ?"

ಮರುದಿನ ಬೆಳಿಗ್ಗೆ ಜಟಕಾಕ್ಕೆ ಪರದೆ ಕಟ್ಟಿ, ಬುರ್ಖಾ ಹಾಕಿಕೊಂಡು ಅಮೀನಾ ಬೀ ಕಚೇರಿಗೆ ಬಂದಳು. ಗಂಡ ದಿನಾ ಹತ್ತಿದ ಮೆಟ್ಟಿಲನ್ನು ಅವಳು ಕಂಡದ್ದು ಅವತ್ತೇ.

ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರು ಕೇಳಿದ ಮೊದಲ ಪ್ರಶ್ನೆ, "ಇವರನ್ನು ಗುರುತಿಸುವವರು ಯಾರು?"

ಕಚೇರಿಯಲ್ಲಿ ಯಾರೂ ಅವಳ ಮುಖ ನೋಡಿದವರಲ್ಲ. ಬಾಗಿಲಲ್ಲಿ ನಿಂತಿದ್ದ ಜವಾನ ಆವಲಪ್ಪ ಕೆಮ್ಮಿದ.

"ಸ್ವಾಮಿ, ಮುಖ ನಾನೂ ನೋಡಿಲ್ಲ. ದನಿ ಗೊತ್ತು. ದಿನಾ ಬೆಳಿಗ್ಗೆ ರಹಮತ್ ಸಾಬರನ್ನ ಬಾಗಿಲಲ್ಲಿ ಕೂಗ್ತಿದ್ದೋನು ನಾನೇ. ಒಳಗಿಂದ ಆಯಮ್ಮ ಉತ್ತರ ಕೊಡ್ತಿದ್ರು. ಒಂದು ಮಾತಾಡ್ಲಿ."

"ಮಾತಾಡಮ್ಮ," ಎಂದರು ಅಮಲ್ದಾರರು.

ಏನು ಮಾತಾಡುವುದು? ಕೊನೆಗೆ, ಬೆಳಗಾದರೆ ತಾನಾಗಿ ಬಾಯಿಗೆ ಬರುತ್ತಿದ್ದ ಮಾತೇ ಬಂತು.

"ಬಂದ್ರು ಆವಲಪ್ಪಣ್ಣ, ಕೂತ್ಕೊಳ್ಳಿ. ರೊಟ್ಟಿ ತಿಂತಾ ಇದ್ದಾರೆ."

ಆವಲಪ್ಪ ರುಮಾಲಿನ ತುದಿಯಿಂದ ಕಣ್ಣೊತ್ತಿಕೊಂಡ. "ಇವರೇ ಸ್ವಾಮಿ."

"ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀಯ?"

"ರೊಟ್ಟಿ ತಿಂತಾ ಇದ್ದಾರೆ ಅನ್ನೋದು ಶುದ್ಧ ಸುಳ್ಳು ಸ್ವಾಮಿ! ಸಾಬರು ಆಗಿನ್ನೂ ಹಾಸಿಗೆ ಬಿಟ್ಟಿರ್ತಿರ್ಲಿಲ್ಲ. ಜಗಲೀಲಿ ಕೂತೋನಿಗೆ ಗೊರಕೆ ಕೇಳ್ತಿತ್ತು. ದಿನಾ ಅದೇ ಸುಳ್ಳು, ಅದೇ ದನಿ."

ಅಮಲ್ದಾರರು ನಕ್ಕರು. ಮೂಲೆಯಲ್ಲಿದ್ದ ಶೇಕದಾರರಿಗೂ ನಗು ತಡೆಯಲಾಗಲಿಲ್ಲ. ಬುರ್ಖಾದೊಳಗೆ ಅಮೀನಾ ಬೀ ಅಳುತ್ತಿದ್ದಳೋ ನಗುತ್ತಿದ್ದಳೋ, ಬರಿಗೈ ಮಾತ್ರ ತಾನಾಗಿ ಮುಂದೆ ಬಂತು. ಯಾರೂ ಹಿಡಿದು ಒತ್ತಿಸಬೇಕಾಗಲಿಲ್ಲ.

ಮಳೆಗಾಲಕ್ಕೆ ಹಣ ಬಂತು. ನಜೀರ್ ಅಹಮದ್ ಕರೆದದ್ದಕ್ಕೆ ಕಿವಿಗೊಡದೆ ಅವಳು ರೇಷ್ಮೆ ನೂಲು ತೆಗೆಯುವ ಚರಕ ಕೊಂಡಳು. ಗೂಡು ಬೇಯಿಸುವ ಬಿಸಿನೀರಿಗೆ ಬೆರಳು ಬೆಂದವು, ಮೊದಲ ವರ್ಷ ನೂಲು ಬರೀ ಗಂಟು. ಅಷ್ಟರಲ್ಲಿ ಯುದ್ಧ ಜೋರಾಗಿ ರೇಷ್ಮೆಗೆ ಬೆಲೆ ಏರಿತು, ಇನ್ನೊಂದು ಚರಕ ಬಂತು, ಅದರ ಮುಂದೆ ದಿಲ್ಷಾದ್ ಕೂತಳು. ಸಯೀದಾ ಇಸ್ಕೂಲಿಗೆ ಹೋದಳು. ಒಮ್ಮೆ ನೋಡಲು ಬಂದ ಮೈದುನನಿಗೆ ಅಮೀನಾ ಬೀ ಬಿರಿಯಾನಿ ಬಡಿಸಿ, "ನಾಲ್ಕು ದಿನ ಇದ್ದು ಹೋಗಿ. ನಮ್ಮನೇಲೂ ಕೆಲಸಕ್ಕೇನು ಕಮ್ಮಿ?" ಎಂದಳು. ಅವನು ತುತ್ತು ನುಂಗಲು ನೀರು ಕೇಳಿದ.

ರೇಷ್ಮೆಗೂಡು ಬರುತ್ತಿದ್ದದ್ದು ದೊಡ್ಡಮುನಿಯಮ್ಮನ ಮನೆಯಿಂದಲೇ. ಬುಟ್ಟಿ ಇಳಿಸಿ, ಹಚ್ಚೆಯ ಕೈಯನ್ನು ಅಮೀನಾಳ ಮೂಗಿನ ಮುಂದೆ ಆಡಿಸುತ್ತಿದ್ದಳು.

"ಸರಿಯಾಗಿ ತೂಗೇ ಬೀಬಮ್ಮ. ಸರ್ಕಾರಾನೇ ಹೆದರಿ ಓಡಿದ ಕೈ ಇದು."