ಭಾಗ್ಯಾ ನಕ್ಕಿದ್ದು

ಇಸ್ತ್ರಿ ಮಾಡುತ್ತ, ಮಡಚಿಟ್ಟ ಬಟ್ಟೆಗಳಿಗೆ ಮೊಬೈಲು ಒರಗಿಸಿಕೊಂಡೇ ಭಾಗ್ಯಾ ಇಂಗ್ಲಿಷ್ ಕಲಿತಳು. ಯಾದಗಿರಿ ಕಡೆಯ ಹೆಣ್ಣುಮಗಳು. ಪುಣೆಯ ಕೊಂಢ್ವಾದಲ್ಲಿ ದೊಡ್ಡದೊಂದು ಹೌಸಿಂಗ್ ಸೊಸೈಟಿಯ ಗೇಟಿನ ಪಕ್ಕ, ತಗಡಿನ ನೆರಳಿನಲ್ಲಿ ಅವಳ ಇಸ್ತ್ರಿ ಅಂಗಡಿ. ಅವಳಿಗೆ ಪಾಠ ಹೇಳಿದ ಮೇಷ್ಟ್ರುಗಳೋ, ಸಿನಿಮಾದವರು! ಮೊಬೈಲಿನ ವಿಡಿಯೊದಲ್ಲಿ ಹೀರೊ ಒಬ್ಬ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಮನೆಯಲ್ಲಿ ದಿನಾ ಬಳಸುವ ಸಾಮಾನು ತೋರಿಸಿ ಅದರ ಇಂಗ್ಲಿಷ್ ಹೆಸರು ಕೇಳುತ್ತಾರೆ. ಸೌಟು ನೋಡಿ ಅವನು ಕಣ್ಣು ಕಣ್ಣು ಬಿಡುತ್ತಾನೆ, ಜರಡಿ ನೋಡಿ ತಲೆ ಕೆರೆದುಕೊಳ್ಳುತ್ತಾನೆ, ಕೊನೆಗೆ ಬಾಯಿಗೆ ಬಂದದ್ದು ಒದರುತ್ತಾನೆ. ಹೋ ಎಂದು ನಗು ಏಳುತ್ತದೆ. ಅದಾದ ಮೇಲೆ ಒಂದು ಹೆಣ್ಣುದನಿ ಸರಿಯಾದ ಪದವನ್ನು ನಿಧಾನವಾಗಿ ಹೇಳಿಕೊಡುತ್ತದೆ. ನಗು ಮೊದಲು, ಪದ ಆಮೇಲೆ. ಈ ಕ್ರಮ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಹೀರೊ ತಡವರಿಸಿದ ಕೂಡಲೇ ಅವಳಿಗೆ ನಗು ಉಕ್ಕುತ್ತಿತ್ತು.

ಹೀಗೆ ತೋಳು, ಗುಂಡಿ, ಕಲೆ, ಬಕೆಟ್ಟು, ಬೀಗದ ಕೈ ಎಲ್ಲವೂ ಅವಳ ತಲೆಯಲ್ಲಿ ಇಂಗ್ಲಿಷಾಗಿ ಕುಳಿತವು. ಆದರೆ ಒಂದು ಮಾತನ್ನೂ ಯಾರೆದುರಿಗೂ ಆಡಿದವಳಲ್ಲ. ಗಿರಾಕಿಗಳ ಜೊತೆ ಮರಾಠಿ, ಗಂಡನ ಜೊತೆ ಕನ್ನಡ, ಮುಗಿಯಿತು.

ಗಂಡ ಪ್ರೇಮಕುಮಾರ ಟೈಲ್ಸ್ ಹಾಕುವ ಮೇಸ್ತ್ರಿ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕೂತು ಅವನ ಮೊಣಕಾಲು ಸವೆದಿದ್ದವು. ಏಳಬೇಕಾದರೆ ಗೋಡೆ ಹಿಡಿಯಬೇಕು. ಅದನ್ನು ಕಂಡೇ ಸೊಸೈಟಿಯ ಮೇಲಿನ ಮಹಡಿಯ ಅನುಜಾ ಮೇಡಮ್ ಒಂದು ಮಾತು ಹೇಳಿದ್ದಳು. ಅವಳು ಮನೆಗಳ ನಕ್ಷೆ ಮಾಡುವವಳು, ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಆಫೀಸು. ಅಲ್ಲಿಗೆ ಟೈಲ್ಸ್ ಕೆಲಸ ನೋಡಿಕೊಳ್ಳುವ ಸುಪರ್‌ವೈಸರ್ ಬೇಕಿತ್ತು. ನಿಂತು ಮಾಡುವ ಕೆಲಸ. ಆದರೆ ಹೊರಗಿನ ಎಂಜಿನಿಯರುಗಳು ಬರುತ್ತಾರೆ, ನಾಲ್ಕು ಮಾತು ಇಂಗ್ಲಿಷ್ ಬರಬೇಕು.

ಭಾಗ್ಯಾ ಅಂದೇ ಗಂಡನನ್ನು ಮೊಬೈಲಿನ ಮುಂದೆ ಕೂರಿಸಿದಳು.

"ಪಾಪ, ಅವನ್ನ ನೋಡಿ ಎಲ್ಲಾರೂ ನಗ್ಲಿಕತ್ತಾರಲ್ಲ" ಎಂದ ಅವನು.

"ಅವ್ರು ಸಿನಿಮಾದವ್ರು ಇದ್ದಾರ್ರಿ. ನಗಸ್ಲಿಕ್ಕೇ ರೊಕ್ಕಾ ಕೊಡ್ತಾರ ಅವ್ರಿಗೆ. ನೀವು ಪದ ಕೇಳ್ರಿ."

ಅವನು ಕೇಳಿದ, ಕಲಿತ. ಒಂದು ಸಂಜೆ, ಅವಳೇ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು, ಅಂಗಡಿಯ ಮುಂದೆ ಅನುಜಾಳ ಎದುರು ನಿಂತು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ. ಮೊದಲೆರಡು ಮಾತು ಸಲೀಸಾಗಿ ಬಂದವು. ಭಾಗ್ಯಾಳಿಗೆ ಹೆಮ್ಮೆ. ಮೂರನೆಯದಕ್ಕೆ ಸಿಕ್ಕಿಕೊಂಡ. ಹುಬ್ಬು ಮೇಲೇರಿತು, ಬಾಯಿ ಅರ್ಧ ತೆರೆದೇ ನಿಂತಿತು. ಥೇಟ್ ಆ ಹೀರೊನ ಮುಖ! ಕೊನೆಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

ಭಾಗ್ಯಾ ನಕ್ಕಳು. ತಡೆದುಕೊಳ್ಳಬಹುದಾದ ಮುಗುಳ್ನಗೆಯಲ್ಲ, ಹೋ ಎಂಬ ಜೋರು ನಗು. ಅದನ್ನು ಕೇಳಿ ಅನುಜಾಳೂ ನಕ್ಕಳು. ಪ್ರೇಮಕುಮಾರನೂ ನಕ್ಕ. ಆಮೇಲೆ ಮರಾಠಿಯಲ್ಲಿ, ಬರುತ್ತೇನೆ ಮೇಡಮ್ ಎಂದು ಹೇಳಿ ಹೊರಟುಹೋದ. ಸೋಮವಾರ ಆಫೀಸಿಗೆ ಬಾ ಎಂದು ಅನುಜಾ ಹೇಳಿಕಳಿಸಿದರೂ ಅವನು ಹೋಗಲಿಲ್ಲ. ಎಂದಿನಂತೆ ಟೈಲ್ಸ್ ಹಾಕಲು ಹೋದ.

ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಸಾರು ರುಚಿಯಾಗಿದೆ ಎಂದು ಉಂಡ. ಇಂಗ್ಲಿಷ್ ಮಾತ್ರ ಅವನ ಬಾಯಿಂದ ಮತ್ತೆ ಬರಲಿಲ್ಲ.

"ನಾ ಬೇಕಂತ ನಗಲಿಲ್ರಿ."

"ಗೊತ್ತದ ಬಿಡು."

ಆ ಬಿಡು ಎಂಬುದೇ ಅವಳನ್ನು ಬಿಡಲಿಲ್ಲ. ದಿನಾ ಸಂಜೆ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಈ ನೋವಿನಿಂದ ಪಾರಾಗುವ ದಾರಿಯೊಂದು ತೆರೆದಿತ್ತು, ಅದನ್ನು ನಾನೇ ನಕ್ಕು ಮುಚ್ಚಿದೆ ಎಂದುಕೊಳ್ಳುತ್ತಿದ್ದಳು. ಮೊಬೈಲು ಈಗ ಬಟ್ಟೆಗಳ ಪಕ್ಕ ಬೋರಲು ಬಿದ್ದಿರುತ್ತಿತ್ತು.

ಒಂದು ರವಿವಾರ ಅನುಜಾ ಸೀರೆ ಒಯ್ಯಲು ಬಂದಳು. ಪ್ರೇಮಕುಮಾರ ಅಲ್ಲೇ ಸ್ಟೂಲಿನ ಮೇಲೆ ಕೂತು ಚಾದರ ಮಡಚುತ್ತಿದ್ದ.

"ಭಾಗ್ಯಕ್ಕಾ, ಇವರು ಆಫೀಸಿಗೆ ಯಾಕೆ ಬರಲಿಲ್ಲ?" ಎಂದು ಅವಳು ಮರಾಠಿಯಲ್ಲಿ ಕೇಳಿದಳು.

ಹುಷಾರಿರಲಿಲ್ಲ ಎಂದು ಮರಾಠಿಯಲ್ಲೇ ಹೇಳಿ ಮುಗಿಸಬಹುದಿತ್ತು. ಭಾಗ್ಯಾ ಇಸ್ತ್ರಿಯನ್ನು ಪಕ್ಕಕ್ಕಿಟ್ಟಳು.

"ಮೇಡಮ್, ಮೈ ಹಸ್ಬೆಂಡ್ ಗುಡ್ ವರ್ಕ್. ದಟ್ ಡೇ ಐ ಲಾಫ್. ಹಿ..."

ಅಷ್ಟೇ. ಮುಂದಿನದು ಸಿಗಲಿಲ್ಲ. ಅಷ್ಟು ಪದ ಕಲಿತಿದ್ದಳಲ್ಲ, ಒಂದೂ ನಾಲಿಗೆಗೆ ಬರಲಿಲ್ಲ. ಬಾಯಿ ಅರ್ಧ ತೆರೆದೇ ನಿಂತಿತು. ತನ್ನ ಮುಖ ಈಗ ಹೇಗೆ ಕಾಣುತ್ತಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅನುಜಾ ತುಟಿ ಕಚ್ಚಿ ಸೀರೆಯ ಕಡೆ ನೋಡಿದಳು. ಇನ್ನೇನು ನಗು ಬರುತ್ತದೆ ಎಂದು ಭಾಗ್ಯಾ ಕಾದಳು.

ಪ್ರೇಮಕುಮಾರ ಚಾದರ ಮಡಚುವುದನ್ನು ನಿಲ್ಲಿಸಿದ್ದ.

"ಹೇಳು" ಎಂದ ಮೆಲ್ಲಗೆ. "ಅವಸರ ಏನಿಲ್ಲ. ನಾವು ಕೇಳ್ಲಿಕತ್ತೀವಿ."

"ಹಿ ನಾಟ್ ಕಮ್. ಮೈ ಮಿಸ್ಟೇಕ್."

ಅನುಜಾಳ ಮುಖ ಇಳಿಯಿತು. ಆ ಜಾಗಕ್ಕೆ ಹೋದ ವಾರವೇ ಬೇರೆಯವರನ್ನು ತೆಗೆದುಕೊಂಡರು, ಇನ್ನೊಮ್ಮೆ ಕೆಲಸ ಇದ್ದರೆ ಖಂಡಿತ ಹೇಳುತ್ತೇನೆ ಎಂದು ಸೀರೆ ಎತ್ತಿಕೊಂಡು ಹೋದಳು.

ಪ್ರೇಮಕುಮಾರ ಇಸ್ತ್ರಿ ಮೇಜಿನ ಅಂಚು ಹಿಡಿದು ಎದ್ದ. "ಚಲೋ ಮಾತಾಡಿದಿ" ಎಂದ.

ಭಾಗ್ಯಾ ಅತ್ತೇಬಿಟ್ಟಳು. "ಒಮ್ಮೆ ನಕ್ಕುಬಿಡ್ರಿ ನೀವು. ನನ್ನ ನೋಡಿ ಒಮ್ಮೆ ನಕ್ಕುಬಿಡ್ರಿ."

"ಯಾಕ ನಗ್ಲಿ? ನೀ ಏನ್ ಸಿನಿಮಾದಾಕಿ ಏನು?" ಎಂದು ಅವನು ಬಟ್ಟೆಯ ಗಂಟನ್ನು ಹೆಗಲಿಗೇರಿಸಿಕೊಂಡು, ಮನೆಮನೆಗೆ ಕೊಟ್ಟು ಬರಲು ಕಾಲೆಳೆಯುತ್ತ ಮೆಟ್ಟಿಲ ಕಡೆ ಹೊರಟ.