ವಾಸಣ್ಣ ಮತ್ತು ಪರದೆಯ ಗೆರೆ

ವಾಸಣ್ಣನ ಮನೆಯಲ್ಲಿ ಎಲೆಯ ಮೇಲಿನ ಸಾರು ಮುಗಿಯದೆ ಮಜ್ಜಿಗೆ ಬರುವಂತಿರಲಿಲ್ಲ. ಕುಂದಾಪುರ–ಬೈಂದೂರು ಬಸ್ಸಿನಲ್ಲಿ ಕಂಡಕ್ಟರಾಗಿ ಕೂದಲು ನರೆಸಿಕೊಂಡವರು. "ಇಳುವರ್ ಇಳಿಲಿ, ಕಡಿಕ್ ಹತ್ತಿ" ಎಂಬುದೇ ಅವರ ವೇದಾಂತ. ನಿವೃತ್ತರಾದ ಮೇಲೂ ಬಾಗಿಲು ಕಂಡಲ್ಲಿ ಕೈ ಅಡ್ಡ ಹಿಡಿಯುತ್ತಿದ್ದರು. ಒಮ್ಮೆ ಕ್ಲಿನಿಕ್ಕಿನಲ್ಲಿ ಡಾಕ್ಟರನ್ನೇ ತಡೆದು, "ಒಳ್ಗಿದ್ದರ್ ಹೊರ್ಗ್ ಬರ್ಲಿ, ಕಡಿಕ್ ನೀವ್ ಹೋಯ್ನಿ" ಅಂದಿದ್ದರು. ಡಾಕ್ಟರು ಹೊರಗೇ ನಿಂತು ಕಾದರು.

ತಲ್ಲೂರಿನಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ವೈರಸ್ ಕಾಟ ತಾಳಲಾರದೆ ಅವರ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ವೈರಸ್ ಹೋಯಿತು, ಗೆರೆ ಬಂತು. ವಿಡಿಯೋ ಓಡುವಾಗ ಚಿತ್ರ ಅಡ್ಡಕ್ಕೆ ಸೀಳಿಹೋಗುತ್ತಿತ್ತು. ನಿಲ್ಲಿಸಿದರೆ ಸರಿ, ಓಡಿದರೆ ತುಂಡು.

ಅವರ ಹೆಂಡತಿ ಸರೋಜಕ್ಕ ಸೊಂಟ ಮುರಿದು ಮಲಗಿದ್ದರು. ಶಿರೂರಿನ ತಮ್ಮನ ಮಗಳು ಸುಮಿತ್ರಾಳ ಮದುವೆಗೆ ವಾಸಣ್ಣ ಒಬ್ಬರೇ ಹೋಗಿಬಂದರು; ಸರೋಜಕ್ಕ ಆಮೇಲೆ ವಿಡಿಯೋದಲ್ಲೇ ನೋಡಬೇಕಾಯಿತು. ಹಾರ ಹಾಕಲು ಸುಮಿತ್ರಾ ತಿರುಗಿದ್ದೇ ತಡ, ಗೆರೆ ಸರಿಯಾಗಿ ಕುತ್ತಿಗೆಗೇ ಬಿತ್ತು.

"ಅಯ್ಯೋ, ಹೆಣ್ಣಿನ್ ಕುತ್ಗಿ ತುಂಡಾಯ್ತ್! ಇದ್ ಒಳ್ಳೇದಲ್ಲ" ಎಂದು ಅತ್ತರು. ಮಾರನೆಯ ದಿನವೂ ಊಟ ಮುಟ್ಟಲಿಲ್ಲ. ವಾಸಣ್ಣ ನನ್ನ ಅಂಗಡಿಗೆ ಬಂದರು. "ಅವ್ಳ್ ಉಣ್ಣೂದಿಲ್ಲ ಮಾರಾಯಾ. ಎಂತಾರೂ ಮಾಡ್."

ಹೋದೆ. ಮೊದಲು ಕೇಬಲ್ ಬದಲಿಸಿದೆ. ಗೆರೆ ಕದಲಲಿಲ್ಲ. ಪರದೆಯ ಮೇಲೆ ಒಂದು ಚಿತ್ರ ಪೂರ್ತಿ ಮೂಡುವ ಮೊದಲೇ ಮುಂದಿನದು ನುಗ್ಗಿದರೆ ಹೀಗಾಗುತ್ತದೆ ಎಂದು ವಿವರಿಸಿದೆ. ವಾಸಣ್ಣ ಆಶ್ಚರ್ಯಪಡಲಿಲ್ಲ. "ಬಾಗ್ಲಲ್ಲಿ ಕಂಡಕ್ಟರ್ ಇಲ್ಲ, ಅಷ್ಟೇ" ಅಂದರು. ಹೊಸ ಚಿತ್ರವನ್ನು ಕಾಯಿಸುವ ಸೆಟ್ಟಿಂಗ್ ಹಾಕಿದೆ. ಕೊಂಚ ತಡವಾಗಬಹುದು ಎಂದೆ.

"ಲೇಟ್ ಆರೆ ಆಯ್ಲಿ. ಜನ ತುಂಡಾಪ್ದ್ ಬ್ಯಾಡ."

ಗೆರೆ ಹೋಯಿತು. ಸರೋಜಕ್ಕ ಮಾತ್ರ ನಂಬಲಿಲ್ಲ. "ನೀವಿಬ್ರೂ ಸೇರಿ ಮುಚ್ಚ್ ಹಾಕಿರಿ" ಅಂದರು. ನನ್ನ ವೃತ್ತಿಜೀವನದಲ್ಲಿ ಅಂಥ ಮರ್ಯಾದೆ ಮತ್ತೆ ಸಿಕ್ಕಿಲ್ಲ. ಕೊನೆಗೆ ವಾಸಣ್ಣ ಶಿರೂರಿಗೆ ಹೋಗಿ ಸುಮಿತ್ರಾಳನ್ನೇ ಬಸ್ಸು ಹತ್ತಿಸಿಕೊಂಡು ಬಂದು, ಮಂಚದ ಎದುರು ನಿಲ್ಲಿಸಿದರು. "ತಿರ್ಗ್ ಮಗಾ. ಆ ಬದಿಗೂ ತಿರ್ಗ್." ಸುಮಿತ್ರಾ ನಗು ತಡೆದುಕೊಂಡು ತಿರುಗಿದಳು. "ಕಾಣ್, ಪೂರಾ ಇತ್ತ್" ಅಂದರು ಹೆಂಡತಿಗೆ. ಸರೋಜಕ್ಕ ಅವಳ ಕುತ್ತಿಗೆ ಸವರಿ ನೋಡಿ, ಗಂಜಿ ಕೇಳಿದರು.

ಎರಡು ಮಳೆಗಾಲ ಕಳೆದು ವಾಸಣ್ಣ ಎದೆನೋವಿನಿಂದ ತೀರಿಕೊಂಡರು. ನನಗೆ ಅವರೆಂದರೆ ಬಹಳ ಇಷ್ಟ. ಬದುಕಿದ್ದಾಗ ಹೇಳಿದ್ದರೆ ಬೈಯುತ್ತಿದ್ದರು. ಕಾರ್ಯವೆಲ್ಲ ಮುಗಿದ ಮೇಲೆ ಸರೋಜಕ್ಕ ಕರೆಸಿದರು. ಆಗ ಕೋಲು ಹಿಡಿದು ನಡೆಯುವಷ್ಟಾಗಿದ್ದರು.

"ಮದಿ ವಿಡಿಯೋದಗೆ ಅವ್ರ್ ಬಪ್ಪ ಜಾಗ ಹಾಕ್."

ಹುಡುಕಿ ಹಾಕಿದೆ. ಯಾರದೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ವಾಸಣ್ಣ ಮದುವೆ ಹಾಲಿನ ಈ ತುದಿಯಿಂದ ಆ ತುದಿಗೆ ನಡೆದುಹೋದರು. ನಾನು ಗೆರೆಯನ್ನೇ ಕಾಯುತ್ತಿದ್ದೆ. ಬರಲಿಲ್ಲ.

"ಎಲ್ಲೂ ತುಂಡಾಯ್ಲಿಲ್ಲ ಅಕ್ಕಾ" ಅಂದೆ.

"ತುಂಡಾರೂ ಅಡ್ಡಿಲ್ಲ ಮಗಾ" ಅಂದರು ಸರೋಜಕ್ಕ. "ಇನ್ನೊಂದ್ ಸಲ ಹಾಕ್."