ಗಾಜಿನ ಮನೆಯಲ್ಲಿ ಗಂಡನ ಹೆಸರು

"ಇವಳು ನಿಮಗೇನಾಗ್ಬೇಕು?"

ಕೇಳಿದವನು ಬೆಂಗಳೂರಿನ ದೊಡ್ಡ ಸಸ್ಯತೋಟವೊಂದರ ವಾಚ್‌ಮನ್. ಕೈಯಲ್ಲಿ ಲಾಠಿ, ಕೊರಳಲ್ಲಿ ಸೀಟಿ. 'ಇವಳು' ಅಂದರೆ ನನ್ನ ಹೆಂಡತಿ. (ನಮ್ಮ ದೊಡ್ಡ ಮಗಳಿಗೇ ಮದುವೆಯ ವಯಸ್ಸು.) ನನ್ನ ಕೋಪ ಇನ್ನೂ ಇಳಿದಿಲ್ಲ.

ಕಳೆದ ವಾರ ಆಫೀಸಿನ ಕೆಲಸಕ್ಕೆಂದು ಹುನಗುಂದದಿಂದ ಹೋಗಿದ್ದೆ. ಇವಳೂ ಬಂದಿದ್ದಳು. ಕೆಲಸ ಬೇಗ ಮುಗಿಯಿತು. "ಬಾಜೂ ಮನಿ ಟಿ.ವಿ.ಯಾಗ ಗಾಜಿನ ಮನಿ ತೋರಿಸಿದ್ರಲ್ರಿ, ಅದನ್ನ ನೋಡೂಣು" ಅಂದಳು.

ಬ್ರಿಟಿಷರ ಕಾಲದ್ದು. ಕಬ್ಬಿಣದ ಕಂಬ, ತಲೆಯ ಮೇಲೆಲ್ಲ ಗಾಜು, ಕೆಳಗೆ ಹೂವಿನ ಕುಂಡಗಳು. "ನಮ್ಮೂರ ಬಿಸಲಾಗ ಹಿಂಗ ಕಟ್ಟಿದ್ರ ಒಳಗಿದ್ದವ್ರು ಹಪ್ಪಳ ಆಗ್ತಿದ್ರು ನೋಡ್ರಿ!" ಇಬ್ಬರೂ ನಕ್ಕೆವು. ನಗುತ್ತಲೇ ಬೆಂಚಿನ ಮೇಲೆ ಕುಳಿತು ನನ್ನ ಭುಜಕ್ಕೆ ಒರಗಿದಳು. ಮನೆ ತುಂಬ ಜನ ಇರುವ ನಮಗೆ ಇದಕ್ಕೆ ಪುರುಸೊತ್ತೆಲ್ಲಿ?

ಆಗಲೇ ಬಂದ ಪುಣ್ಯಾತ್ಮ.

"ನನ್ನ ಹೆಂಡ್ತಿ" ಅಂದೆ.

"ಎಲ್ರೂ ಹಂಗೇ ಹೇಳೋದು. ಏನ್ ಪ್ರೂಫು?"

ಪ್ರೂಫು! ಹೂವು ನೋಡಲು ಬರುವವರು ಲಗ್ನಪತ್ರಿಕೆ ಜೇಬಿನಲ್ಲಿ ಇಟ್ಟುಕೊಂಡು ಬರಬೇಕೇ? ಇವಳು ಇಳಕಲ್ ಸೀರೆಯ ಸೆರಗು ಸರಿಸಿ ತಾಳಿ ತೋರಿಸಿದಳು.

"ಯಾರು ಕಟ್ಟಿದ್ದೋ! ಇವರ ಹೆಸರು ಹೇಳಮ್ಮ, ನೋಡೋಣ."

ಇವಳು ನನ್ನ ಮುಖ ನೋಡಿದಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಆ ಪದ್ಯದೊಳಗೆ ಸೇರಿಸಿ ಹೇಳುತ್ತಾರೆ, ಅಷ್ಟೇ.

"ನೋಡಿದ್ರಾ? ಹೆಸರೇ ಗೊತ್ತಿಲ್ಲ!" ಸುತ್ತ ನೆರೆದವರು ನಕ್ಕರು. ನಾನು ಅವನ ಕಾಲರಿಗೆ ಕೈ ಹಾಕಿದೆ. ಗುಂಪಿನಲ್ಲಿ ನಮ್ಮ ಕಡೆಯವನೇ ಒಬ್ಬ, "ಒಂದು ಒಡಪರೆ ಹೇಳ್ರಿ ಅಕ್ಕಾರ, ಮುಗೀತದ" ಅಂದ.

"ಒಡಪು ಹೇಳಾಕ ಇದೇನ್ ಮದುವಿ ಮನಿ ಐತೇನ್ರಿ?" ಇವಳು ಎದ್ದು ನಿಂತಳು. ನನ್ನ ಕೈ ಬಿಡಿಸಿದಳು. ವಾಚ್‌ಮನ್ನನ ಮುಖ ನೋಡಿ ಹೇಳಿದಳು: "ಶಂಕ್ರಪ್ಪ. ನನ್ನ ಗಂಡನ ಹೆಸರು ಶಂಕ್ರಪ್ಪ. ಸಾಕಾತಿಲ್ಲೋ?"

"ಸರಿ ಸರಿ, ದೂರ ದೂರ ಕೂತ್ಕೊಳ್ಳಿ" ಅಂದು ಹೊರಟೇ ಹೋದ. ತಪ್ಪಾಯಿತು ಅನ್ನಲಿಲ್ಲ.

ಬಸ್ಸಿನಲ್ಲಿ ಇವಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. "ಅಂವಾ ಕೇಳಿದ್ದಕ್ಕಲ್ರಿ. ಅಂಥವನ ಮುಂದ ನಾ ನಿಮ್ಮ ಹೆಸರು ಹೇಳಿದ್ನಲ್ಲ, ಅದಕ್ಕ."

ನನ್ನದೊಂದೇ ಪ್ರಶ್ನೆ. ಅದೇ ಬೆಂಚಿನ ಮೇಲೆ ನಾನು ಇವಳ ಕೆನ್ನೆಗೆ ಬಾರಿಸಿದ್ದರೆ, ಯಾರಾದರೂ ಪ್ರೂಫು ಕೇಳುತ್ತಿದ್ದರೇ?